ಕುಂತಲ್ಲೇ ಸಿರುಗುಪ್ಪ ಮುಟ್ಟಿದ ಮಾಸ್ಟರ್

ಹೋದ ತಿಂಗಳು ನಮ್ಮ ಮಾಸ್ಟರ್ ಮಷಿನ್ ಬಿಟ್ಟು ಕುರುಗೋಡಿಗೆ ಹೋದರು. ಸತ್ತಿಲ್ಲ. ವಯಸ್ಸಾಯಿತು, ಸಾಕು ಅಂತ ತಮ್ಮ ಊರಿಗೆ ಹೋದರು, ಅಷ್ಟೇ. ಇದನ್ನು ಮೊದಲೇ ಹೇಳಬೇಕು. ಒಬ್ಬರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಓದುವವರು ಅವರು ತೀರಿಕೊಂಡರು ಅಂತಲೇ ತಿಳಿಯುತ್ತಾರೆ. ಮಾಸ್ಟರ್ ಗಟ್ಟಿಯಾಗಿದ್ದಾರೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಮೊದಲ ಬಸ್ಸಿಗೆ ಬಂದು ಬೈಯುತ್ತಾರೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಸಿರುಗುಪ್ಪದವನು. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ಬರೆಯುವುದರಲ್ಲೂ ನೇರ ಹೊಲಿಗೆ ಹಾಕುತ್ತೇನೆ. ಕಸೂತಿ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳು ಬಹಳ. ಅಂಥ ಒಂದು ಓಣಿಯ ಕೊನೆಯಲ್ಲಿ ತಗಡು ಹೊದಿಸಿದ ಉದ್ದನೆಯ ಕೋಣೆ ಇದೆ. ಅದೇ ನಮ್ಮ ಯೂನಿಟ್. ಹೋದ ತಿಂಗಳವರೆಗೆ ಅಲ್ಲಿ ಮಾಲೀಕರೂ ಮಾಸ್ಟರೇ, ಬಟ್ಟೆ ಕತ್ತರಿಸುವವರೂ ಮಾಸ್ಟರೇ, ಬೈಯುವವರೂ ಮಾಸ್ಟರೇ. ಹೊಲಿಯುವುದಕ್ಕೆ ನಾವು ಒಂದಷ್ಟು ಜನ. ಉಳಿದ ದಾರ ಕತ್ತರಿಸಿ ಗುಂಡಿ ಹಾಕುವವಳು ಹುಲಿಗೆಮ್ಮಕ್ಕ. ಇಸ್ತ್ರಿ ಹಾಕುವವನು ಮಾಬುಸಾಬ್.

ಮಾಸ್ಟರ್ ಆಳು ಗಿಡ್ಡ. ಹೊಟ್ಟೆ ಮುಂದೆ, ಮೀಸೆ ಅದಕ್ಕಿಂತ ಮುಂದೆ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಚಾಕು ಅಲ್ಲ, ಬಟ್ಟೆಗೆ ಗೆರೆ ಎಳೆಯುವ ಚಾಕ್ ತುಂಡು. ಅವರ ಹೆಂಡತಿ ಒಮ್ಮೊಮ್ಮೆ ಮಧ್ಯಾಹ್ನ ಬುತ್ತಿ ತರುತ್ತಿದ್ದರು. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಯವ್ವಾ, ಇವ್ರು ಮನ್ಯಾಗೂ ಹಿಂಗ ಬೈತಾರೇನು?"

"ಮನ್ಯಾಗ ಎಲ್ಲಿ ಬೈತಾರಪ್ಪ," ಅಂದರು ಆ ತಾಯಿ. "ಅಲ್ಲಿ ನನ್ನ ಪಾಳಿ."

ನಮ್ಮ ಕಡೆಯವರಿಗೆ ಮೂರು ಭಾಷೆ ಬರುವುದು ದೊಡ್ಡ ವಿಷಯವಲ್ಲ. ಮಾಸ್ಟರ್ ಮೂರನ್ನೂ ಸಿಟ್ಟಿಗಾಗಿ ಇಟ್ಟುಕೊಂಡಿದ್ದರು. ಕನ್ನಡದಲ್ಲಿ ಬೈದರೆ ಮಾಮೂಲು, ತಲೆ ಎತ್ತುವ ಕೆಲಸವಿಲ್ಲ. "ಏಮಿರಾ ಇದಿ?" ಅಂತ ತೆಲುಗಿಗೆ ಹೋದರೆ ಪ್ಯಾಂಟು ಪೂರಾ ಬಿಚ್ಚಿ ಮತ್ತೆ ಹೊಲಿಯಬೇಕು ಅಂತ ಅರ್ಥ. ಉರ್ದುವಿಗೆ ಹೋದರೆ ಮಾಬುಸಾಬ್ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದ. "ನಮ್ಮ ಮಾತನ್ನ ಹಿಂಗ ಹಾಳ್ ಮಾಡೋದು ನನಗ ಕೇಳಾಕ ಆಗಂಗಿಲ್ಲ" ಅನ್ನುತ್ತಿದ್ದ. ಮಾಸ್ಟರ್ ಸಿಟ್ಟಿಗಿಂತ ಮಾಸ್ಟರ್ ಉರ್ದು ಅವನಿಗೆ ಹೆಚ್ಚು ನೋವು ಕೊಡುತ್ತಿತ್ತು.

ಬೈದ ಮೇಲೆ ಅರ್ಧ ಗಂಟೆಗೆ ಮಿರ್ಚಿ ಬರುತ್ತಿತ್ತು. ಮೂಲೆಯ ಅಂಗಡಿಯ ಬಿಸಿ ಮೆಣಸಿನಕಾಯಿ ಬಜ್ಜಿ, ಜೊತೆಗೆ ಒಗ್ಗರಣೆ ಮಂಡಕ್ಕಿ. ಬೈಸಿಕೊಂಡವನ ಮುಂದೆ ಎರಡು ಬಜ್ಜಿ ಹೆಚ್ಚು ಇಡುತ್ತಿದ್ದರು. ತಪ್ಪಾಯಿತು ಅನ್ನುವ ಮಾತು ಆ ಬಾಯಿಂದ ನಾನು ಕೇಳಿಲ್ಲ. ಆದರೆ ಆ ಮಾತನ್ನು ಬಹಳ ಸಲ ತಿಂದಿದ್ದೇನೆ. ನಾನು ಬಂದಾಗ ಕಡ್ಡಿಯ ಹಾಗಿದ್ದೆ. ಮಾಸ್ಟರ್ ಸಿಟ್ಟಿನಿಂದಲೇ ನನಗೆ ಹೊಟ್ಟೆ ಬಂತು.

ಮಿರ್ಚಿ ತಿಂದುಕೊಂಡು ಎಷ್ಟು ದಿನ ಇರುವುದು? ಇಬ್ಬರು ಹೊಲಿಯುವವರು ಒಂದೇ ವಾರದಲ್ಲಿ ಬೇರೆ ಯೂನಿಟ್ಟಿಗೆ ಹೋದರು. ಆ ಹೊತ್ತಿಗೆ ನನ್ನ ಸೋದರಮಾವ ಸಿರುಗುಪ್ಪದಲ್ಲಿ ಟೈಲರ್ ಅಂಗಡಿ ಹಾಕಿ ನನ್ನನ್ನು ಕರೆದ. ನಾನು ಸುತ್ತಿಬಳಸಿ ಮಾತಾಡುವವನಲ್ಲ. ಹೋಗಿ ಎದುರಿಗೆ ನಿಂತೆ.

"ನಾನೂ ಹೋಗ್ತೀನಿ ಮಾಸ್ಟ್ರೇ."

"ಎಲ್ಲಿಗಲೇ?"

"ಸಿರುಗುಪ್ಪಕ್ಕ. ಮಾವ ಅಂಗಡಿ ಹಾಕ್ಯಾನ. ಸಾಲಿ ಹುಡುಗ್ರ ಚಡ್ಡಿ ಅಂಗಿ ಹೊಲಿಯೋದು."

"ಜೀನ್ಸ್ ಹೊಲದ ಕೈಲೆ ಚಡ್ಡಿ ಹೊಲೀತಿಯೇನಲೇ?"

"ಚಡ್ಡಿ ನನಗ ಬೈಯಂಗಿಲ್ಲ."

ಮಷಿನ್‌ಗಳು ಒಂದೊಂದಾಗಿ ನಿಂತವು. ಇನ್ನೇನು ತೆಲುಗು ಬರುತ್ತದೆ ಅಂತ ಎಲ್ಲರೂ ಕಾಯುತ್ತಿದ್ದೆವು. ಬರಲಿಲ್ಲ. ಮಾಸ್ಟರ್ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹುಲಿಗೆಮ್ಮಕ್ಕ ಕತ್ತರಿ ಕೆಳಗಿಟ್ಟಳು. ಅವಳು ಮಾಸ್ಟರಿಗೆ ಹೆದರಿದ್ದನ್ನು ಯಾರೂ ನೋಡಿಲ್ಲ.

"ಮಾಸ್ಟರಾ, ಇಬ್ರು ಹೋದ್ರು. ಇವನೂ ಹೋದ್ರ ಹಿಂದಿಂದ ಉಳದವ್ರು ಹೋಗ್ತಾರ. ಆಮ್ಯಾಲೆ ನಾನು ನೀನು ಎದುರುಬದುರು ಕುಂತು ಗುಂಡಿ ಆರಿಸಬೇಕು. ಶಟರ್ ಬೀಳತೈತಿ, ತಿಳೀತಾ?"

"ನಾ ಏನ್ ಮಾಡ್ಲೇ ತಾಯಿ? ಸಿಟ್ಟು ಬರತೈತಿ. ನಾನೇನು ಕಾಗದ ಹಾಕಿ ಕರಸ್ಕೊಂತೀನೇನು?"

"ಡಾಕ್ಟ್ರು ದಿನಾ ನಡೀ ಅಂದಿದ್ರಲ್ಲ, ನಡದಿಯೇನು?"

ಡಾಕ್ಟರು ಹೇಳಿದ್ದು ನಿಜ. ಬಿಪಿ ಜಾಸ್ತಿ ಇದೆ, ಕುಳಿತು ಕುಳಿತು ಮೈ ಜಡವಾಗಿದೆ, ದಿನಾ ನಡೆದರೆ ಮೈಯೂ ಹಗುರ, ಸಿಟ್ಟೂ ಕಡಿಮೆ ಅಂದಿದ್ದರಂತೆ. ಹೆಜ್ಜೆ ಎಣಿಸುವ ಬ್ಯಾಂಡನ್ನು ಅಳಿಯ ತಂದುಕೊಟ್ಟಿದ್ದ. ಅದು ಪೆಟ್ಟಿಗೆ ಸಮೇತ ದಾರದ ಉಂಡೆಗಳ ನಡುವೆ ಬಿದ್ದಿತ್ತು.

ಅವತ್ತು ಹುಲಿಗೆಮ್ಮಕ್ಕನೇ ಪಂಚಾಯಿತಿ ಮಾಡಿದಳು. ಯುಗಾದಿಯವರೆಗೆ ಮಾಸ್ಟರ್ ದಿನಾ ನಡೆಯಬೇಕು. ಸಿಟ್ಟು ಇಳಿದರೆ ನಾನು ಉಳಿಯಬೇಕು. ಇಳಿಯದಿದ್ದರೆ ನಾನು ಸಿರುಗುಪ್ಪಕ್ಕೆ, ಉಳಿದವರು ಅವರವರ ದಾರಿಗೆ. ಮಾಸ್ಟರ್ ಒಪ್ಪಿದರು. ನಾನೂ ಒಪ್ಪಿದೆ. ಮಾವನಿಗೆ ಫೋನು ಮಾಡಿ ಯುಗಾದಿಗೆ ಹೇಳುತ್ತೇನೆ ಅಂದೆ.

ಆ ಬ್ಯಾಂಡಿನ ಜೊತೆ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಸಂಜೆಗೆ ಅದು ಇವತ್ತು ಮನಸ್ಸು ಹೇಗಿದೆ ಅಂತ ಕೇಳುತ್ತಿತ್ತು. ಉತ್ತರಕ್ಕೆ ಐದು ದುಂಡು ಮುಖಗಳು. ನಗುವುದರಿಂದ ಅಳುವುದರವರೆಗೆ. ಮಾಸ್ಟರ್ ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಇದರಾಗ ಒಂದಕ್ಕೂ ಮೀಸಿ ಇಲ್ಲಲ್ಲೋ. ಇವು ನನ್ನ ಮನಸ್ಸು ಏನ್ ಹೇಳ್ತಾವ?"

ಹಾಗೆ ಅಂದು ದಿನಾ ನಗುವ ಮುಖವನ್ನೇ ಒತ್ತುತ್ತಿದ್ದರು. ಮೂರನೆಯ ದಿನ ಮಾಬುಸಾಬ್ ಸಿಡಿದ.

"ಇದು ಅನ್ಯಾಯ ಮಾಸ್ಟ್ರೇ! ಈಗ ತಾನೇ ನನ್ನ ಇಡೀ ಖಾನ್‌ದಾನಿಗೆ ಬೈದ್ರಿ. ನಗೋ ಮುಖ ಒತ್ತಾಕತ್ತೀರಿ!"

"ಬೈದ ಮ್ಯಾಲೆ ನನಗ ಹಗುರಾತಲ್ಲ, ಅದಕ್ಕ ಒತ್ತಿದೆ."

"ನಿಮಗ ಹಗುರಾತು. ನಮಗ?"

ಮಾತು ಸರಿ ಇತ್ತು. ಸಿಟ್ಟು ಅವರದೇ ಇರಬಹುದು, ಬೀಳುವುದು ನಮ್ಮ ಮೇಲೆ. ಆದ್ದರಿಂದ ಅದನ್ನು ಅಳೆಯುವವರೂ ನಾವೇ ಆಗಬೇಕು. ಬರೆದಿಡುವ ಗೋಜು ನಮಗೆ ಬೇಡವಾಗಿತ್ತು, ಹುಲಿಗೆಮ್ಮಕ್ಕನಿಗೆ ಓದಲೂ ಬರುವುದಿಲ್ಲ. ನಮಗೆ ಬರುವುದು ಹೊಲಿಗೆ. ಕತ್ತರಿಸಿ ಉಳಿದ ಒಂದು ಜೀನ್ಸ್ ತುಂಡನ್ನು ಇಸ್ತ್ರಿ ಟೇಬಲ್ಲಿನ ಮೇಲೆ ಮೊಳೆಗೆ ನೇತುಹಾಕಿದೆವು. ದಿನಕ್ಕೆ ಒಂದು ಸಾಲು ಹೊಲಿಗೆ. ಬ್ಯಾಂಡಿನಲ್ಲಿ ಹೆಜ್ಜೆ ಹೆಚ್ಚಿದ್ದರೆ ಉದ್ದ ಸಾಲು, ಕಡಿಮೆ ಇದ್ದರೆ ಗಿಡ್ಡ. ದಾರದ ಬಣ್ಣ ನಮ್ಮ ತೀರ್ಪು. ಬೈಯದಿದ್ದರೆ ಬಿಳಿ. ಕನ್ನಡಕ್ಕೆ ಮುಗಿದರೆ ಜೀನ್ಸಿಗೆ ಹಾಕುವ ಹಳದಿ. ತೆಲುಗು, ಉರ್ದುವಿಗೆ ಹೋದರೆ ಕೆಂಪು.

ಹೊಲಿಯಬೇಕಾದವರು ಮಾಸ್ಟರೇ. ಸಂಜೆ ಶಟರ್ ಎಳೆಯುವ ಮೊದಲು ಹುಲಿಗೆಮ್ಮಕ್ಕ ಎಲ್ಲರ ಮುಖ ನೋಡಿ ದಾರದ ಉಂಡೆ ಎತ್ತಿ ಕೊಡುತ್ತಿದ್ದಳು. ಕೆಂಪು ಬಂದರೆ ಮಾಸ್ಟರ್ ಚೌಕಾಸಿಗೆ ಇಳಿಯುತ್ತಿದ್ದರು.

"ಹಳದಿ ಕೊಡಬೇ. ತೆಲುಗಿನ್ಯಾಗ ಒಂದೇ ಮಾತು ಅಂದೀನಿ."

"ಒಂದೇ ಮಾತು ಖರೇ. ಆದ್ರ ಅದು ಎಂಥಾ ಮಾತು! ಸುಮ್ನ ಕೆಂಪು ಪೋಣಸು."

ಪೋಣಿಸುತ್ತಿದ್ದರು. ಎಷ್ಟು ಸಿಟ್ಟಿದ್ದರೂ ಆ ಸಾಲು ಮಾತ್ರ ದಾರ ಹಿಡಿದು ಎಳೆದ ಹಾಗೆ ನೇರ ಬರುತ್ತಿತ್ತು. ತಮ್ಮ ಅವಮಾನವನ್ನೂ ಸೊಟ್ಟ ಹೊಲಿಯುವುದು ಆ ಮನುಷ್ಯನಿಗೆ ಆಗುತ್ತಿರಲಿಲ್ಲ.

ಬೆಳಿಗ್ಗೆ ಅವರು ಬಳ್ಳಾರಿ ಗುಡ್ಡದ ಕಡೆ ನಡೆಯುತ್ತಿದ್ದರು. ನಿಜವಾಗಿ ನಡೆಯುತ್ತಾರೋ ಇಲ್ಲವೋ ನೋಡು ಅಂತ ಯೂನಿಟ್ಟಿನವರು ನನ್ನನ್ನು ಒಂದು ದಿನ ಕಳಿಸಿದರು. ನಡೆಯುತ್ತಿದ್ದರು. ಆದರೆ ಅವರ ಕಣ್ಣು ಗುಡ್ಡದ ಮೇಲೂ ಇಲ್ಲ, ದಾರಿಯ ಮೇಲೂ ಇಲ್ಲ. ಮುಂದೆ ಹೋಗುವವರ ಪ್ಯಾಂಟಿನ ಹಿಂಭಾಗದ ಮೇಲೆ. ಒಬ್ಬರನ್ನು ನಿಲ್ಲಿಸಿಯೇಬಿಟ್ಟರು.

"ಸಾರ್, ನಿಂದರ್ರಿ. ಈ ಪ್ಯಾಂಟ್ ಯಾರು ಹೊಲದಾರ?"

ಆತ ಗಾಬರಿಯಾದ. "ಯಾಕ್ರೀ?"

"ತೊಡಿ ಹತ್ರ ಎಳದು ಹೊಲದಾರ. ನಡಿವಾಗ ಹಿಡಿತೈತಿ, ಹೌದಿಲ್ಲ? ತರ್ರಿ, ಬಿಚ್ಚಿ ಹೊಲದು ಕೊಡ್ತೀನಿ."

"ಇಲ್ಲೇ ಬಿಚ್ಚಿ ಕೊಡ್ಲೇನ್ರಿ?" ಅಂದ ಆತ.

ಮಾಸ್ಟರ್ ಅವತ್ತು ನಕ್ಕದ್ದು ನೋಡಬೇಕಿತ್ತು. ರಸ್ತೆಯ ಮೇಲೆ ಕುಳಿತುಕೊಂಡು ನಕ್ಕರು. ಆ ನಗುವನ್ನು ನಾನು ಯೂನಿಟ್ಟಿನೊಳಗೆ ಒಂದು ಸಲವೂ ಕೇಳಿರಲಿಲ್ಲ. ಈ ಮನುಷ್ಯನೊಳಗೆ ಇದೂ ಇದೆಯಲ್ಲ ಅನ್ನಿಸಿತು.

ಒಂದು ತಿಂಗಳು ಕಳೆಯಿತು. ಬಟ್ಟೆಯನ್ನು ಮೊಳೆಯಿಂದ ಇಳಿಸಿ ಟೇಬಲ್ ಮೇಲೆ ಹಾಸಿದೆವು. ನೋಡಿದರೆ ಉದ್ದ ಸಾಲುಗಳೆಲ್ಲ ಕೆಂಪು. ಗಿಡ್ಡ ಸಾಲುಗಳೆಲ್ಲ ಬಿಳಿ, ಹಳದಿ. ಒಂದೆರಡು ಆಚೀಚೆ ಇರಬಹುದು, ಉಳಿದದ್ದು ಸ್ಪಷ್ಟ. ಹೆಚ್ಚು ಹೆಜ್ಜೆ ಹಾಕಿದ ದಿನ ಹೆಚ್ಚು ಸಿಟ್ಟು.

"ಡಾಕ್ಟ್ರು ಉಲ್ಟಾ ಹೇಳ್ಯಾರ," ಅಂದ ಮಾಬುಸಾಬ್. "ಈ ಯಪ್ಪಗ ನಡದಷ್ಟೂ ಬೆಂಕಿ ಹತ್ತತೈತಿ."

"ಮತ್ತ ನಡಸೀರಲ್ಲೋ ನನ್ನ, ತಿಂಗಳಗಟ್ಲೆ!" ಅಂದರು ಮಾಸ್ಟರ್.

"ನಾಳಿಂದ ನಡೀಬ್ಯಾಡ," ಅಂದಳು ಹುಲಿಗೆಮ್ಮಕ್ಕ. "ಮನ್ಯಾಗ ಬಿದ್ಕೋ."

ಮರುದಿನದಿಂದ ಮಾಸ್ಟರ್ ನಡೆಯುವುದನ್ನು ಬಿಟ್ಟರು. ಮೂರು ದಿನಕ್ಕೆ ಯೂನಿಟ್ಟಿನಲ್ಲಿ ಉಸಿರಾಡುವುದು ಕಷ್ಟವಾಯಿತು. ದಾರ ತುಂಡಾದರೆ ಬೈಗುಳ, ಫ್ಯಾನು ಸದ್ದು ಮಾಡಿದರೆ ಫ್ಯಾನಿಗೆ ಬೈಗುಳ. ನಾನು ಮಾವನಿಗೆ ಫೋನು ಮಾಡಿ ಒಂದು ಮಷಿನ್ ಖಾಲಿ ಇಡು ಅಂದೆ. ಅದೇ ಸಂಜೆ ಬ್ಯಾಂಡು ನೋಡಿದರೆ ಅದರಲ್ಲಿ ಹೆಜ್ಜೆ ರಾಶಿ ಬಿದ್ದಿದೆ. ನಡೆದ ದಿನಗಳಿಗಿಂತ ಹೆಚ್ಚು.

"ಮಾಸ್ಟ್ರೇ, ಕದ್ದು ನಡದೀರಿ ನೀವು," ಅಂದೆ.

"ನಡದಿಲ್ಲಲೇ!"

"ಮತ್ತ ಇವು ಎಲ್ಲಿಂದ ಬಂದುವು?"

"ನನಗೇನ್ ಗೊತ್ತು? ಮುಂಜಾನಿಂದ ಕುಂತ ಜಾಗ ಬಿಟ್ಟು ಎದ್ದಿಲ್ಲ ನಾನು. ಒಂದಕ್ಕೂ ಹೋಗಿಲ್ಲ!"

"ಸುಳ್ಳು."

"ಸುಳ್ಳು ಅಂತಿಯೇನಲೇ? ನನಗ?"

ಅಷ್ಟರಲ್ಲಿ ಅವತ್ತು ಮತ್ತೊಂದು ಸಲ ಕರೆಂಟು ಹೋಯಿತು. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಹಳೆಯದು, ವಾರಕ್ಕೆ ನಾಲ್ಕು ಸಲ ಮಲಗುತ್ತಿತ್ತು. "ಕುಡತಿನ್ಯಾಗ ಊರಿಗೆಲ್ಲ ಸಾಲೋವಷ್ಟು ಕರೆಂಟ್ ಮಾಡ್ತಾರಂತ. ನಮ್ಮ ಓಣಿ ದಾರಿ ಅದಕ್ಕ ಗೊತ್ತಿಲ್ಲ" ಅಂತ ಹುಲಿಗೆಮ್ಮಕ್ಕ ಯಾವಾಗಲೂ ಅನ್ನುವುದು. ಕರೆಂಟು ಹೋದರೆ ನಮ್ಮ ಮಷಿನ್‌ಗಳೆಲ್ಲ ಸತ್ತ ಹಾಗೆ. ಮಾಸ್ಟರ್ ಹತ್ತಿರ ಮಾತ್ರ ಕಾಲಿನಿಂದ ತುಳಿಯುವ ಹಳೆಯ ಮಷಿನ್ ಇತ್ತು. ಕರೆಂಟಿಲ್ಲದಾಗ ಅವರು ಅದರಲ್ಲಿ ಜೇಬು ಹೊಲಿಯಲು ಕೂರುತ್ತಿದ್ದರು. ಅವತ್ತೂ ನನ್ನನ್ನು ನುಂಗುವ ಹಾಗೆ ನೋಡುತ್ತ ಹೋಗಿ ಕುಳಿತು ತುಳಿಯತೊಡಗಿದರು.

ಮಾಬುಸಾಬ್ ಬಿದ್ದ ಬೀಡಿಯನ್ನು ಹುಡುಕುತ್ತ ಆ ಮಷಿನ್ ಕೆಳಗೆ ಬಗ್ಗಿದ. ಬಗ್ಗಿದವನು ಮೇಲೆ ಏಳಲಿಲ್ಲ.

"ಯಾ ಅಲ್ಲಾ," ಅನ್ನುವ ದನಿ ಮಾತ್ರ ಬಂತು. "ಎಲ್ರೂ ಇಲ್ಲಿ ಬರ್ರಿ. ಬಗ್ಗಿ ನೋಡ್ರಿ."

ಬಗ್ಗಿ ನೋಡಿದೆವು. ಬ್ಯಾಂಡು ಮಾಸ್ಟರ್ ಕಾಲಿನಲ್ಲಿತ್ತು. ಮುಂಗೈಗೆ ಕಟ್ಟಿಕೊಂಡರೆ ದಪ್ಪ ಬಟ್ಟೆ ತಳ್ಳುವಾಗ ತೊಡಕುತ್ತದೆ ಅಂತ ಮೊದಲ ದಿನವೇ ಅದನ್ನು ಕಾಲ ಹರಡಿನ ಮೇಲೆ ಕಟ್ಟಿಕೊಂಡಿದ್ದರು. ಅದನ್ನು ನಾವೆಲ್ಲ ದಿನಾ ನೋಡಿದ್ದೆವು. ಯಾರ ತಲೆಗೂ ಹೊಳೆದಿರಲಿಲ್ಲ. ಕಾಲು ಮಷಿನ್ ತುಳಿಯುತ್ತಿತ್ತು, ಬ್ಯಾಂಡು ಹೆಜ್ಜೆ ಅಂತ ಎಣಿಸುತ್ತಿತ್ತು. ಅಂಕಿ ಕಣ್ಣೆದುರೇ ಏರುತ್ತಿತ್ತು.

ಆಗ ಎಲ್ಲ ತಿಳಿಯಿತು. ಕರೆಂಟು ಹೋದ ದಿನ ಮಾಸ್ಟರ್ ತುಳಿಯುವುದು ಹೆಚ್ಚು. ಕರೆಂಟು ಹೋದ ದಿನವೇ ಮಾಲು ತಡವಾಗುತ್ತಿತ್ತು, ತಗಡಿನ ಕೆಳಗೆ ಸೆಕೆ ಏರುತ್ತಿತ್ತು, ನಾವು ಸುಮ್ಮನೆ ಕುಳಿತು ಹರಟುತ್ತಿದ್ದೆವು, ಅವರ ತಲೆ ಕೆಡುತ್ತಿತ್ತು. ಹೆಜ್ಜೆಯಿಂದ ಸಿಟ್ಟು ಬಂದಿರಲಿಲ್ಲ. ಎರಡೂ ಕರೆಂಟಿನಿಂದ ಬಂದಿದ್ದವು.

ಮಾಬುಸಾಬ್ ಫೋನು ತೆಗೆದು ತಿಂಗಳ ಲೆಕ್ಕ ನೋಡಿದ. ಎಷ್ಟು ಕಿಲೋಮೀಟರ್ ಅಂತ ಅದು ತೋರಿಸುತ್ತಿತ್ತು. ಅವನು ಓದಿದ ಮೇಲೆ ಮಾಸ್ಟರ್ ಮೀಸೆ ತಿರುವಿದರು.

"ಅಂದ್ರ ನಾನು ಕುಂತಲ್ಲೇ ಸಿರುಗುಪ್ಪ ಮುಟ್ಟೀನಲ್ಲೋ," ಅಂದರು. ನನ್ನ ಕಡೆ ತಿರುಗಿದರು. "ನೋಡಲೇ, ನೀನು ಹೋಗ್ತೀನಿ ಹೋಗ್ತೀನಿ ಅಂತ ಬರೇ ಬಾಯಿಲೆ ಹೇಳ್ತಿ. ನಾನು ಮುಟ್ಟಿ ಬಂದೆ."

"ದಾರ್ಯಾಗ ಸಿರಿಗೇರಿ ಕ್ರಾಸ್‌ನ್ಯಾಗ ಚಾ ಕುಡಿಲಿಲ್ಲ, ಅದೊಂದೇ ಕಮ್ಮಿ," ಅಂದಳು ಹುಲಿಗೆಮ್ಮಕ್ಕ.

ಆ ಕತ್ತಲ ಕೋಣೆಯಲ್ಲಿ ಎಲ್ಲರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಕರೆಂಟು ಬಂದದ್ದೂ ಗೊತ್ತಾಗಲಿಲ್ಲ. ಅವತ್ತು ಬೈಯದೆಯೂ ಮಿರ್ಚಿ ಬಂತು.

ಬೇರೆ ಬಟ್ಟೆ ನೇತುಹಾಕಿದೆವು. ಈ ಸಲ ಬ್ಯಾಂಡು ನಡೆಯುವಾಗ ಮಾತ್ರ, ಅದೂ ಕೈಗೆ. ನಿಜವಾದ ನಡಿಗೆಯ ಸಾಲು ನೋಡಿದರೆ ಬೆರಳುದ್ದ. ಮಾಸ್ಟರಿಗೆ ನಾಚಿಕೆಯಾಯಿತು. ಸಂಜೆಯೂ ಒಂದು ಸುತ್ತು ಹೋಗತೊಡಗಿದರು. ಸಾಲು ಉದ್ದವಾಯಿತು, ಕೆಂಪು ಕಡಿಮೆಯಾಯಿತು, ಹಳದಿ ಹೆಚ್ಚಿತು, ನಡುನಡುವೆ ಬಿಳಿ.

ಅತಿ ಉದ್ದದ ಬಿಳಿ ಸಾಲು ಕುರುಗೋಡಿನದು. ಒಂದು ರಜೆಯ ದಿನ ನಮ್ಮನ್ನೆಲ್ಲ ತಮ್ಮ ಊರಿಗೆ ಕರೆದುಕೊಂಡು ಹೋದರು. ದೊಡ್ಡ ಬಸವಣ್ಣನಿಗೆ ಕೈಮುಗಿದು ಗುಡ್ಡದ ಕಡೆ ನಡೆದೆವು. ಬಂಡೆ ಮೇಲೆ ಬಂಡೆ. ನಾನು ಏದುಸಿರು ಬಿಡುತ್ತಿದ್ದೆ. ಮಾಸ್ಟರ್ ಹೊಟ್ಟೆ ಹೊತ್ತುಕೊಂಡು ಆಡಿನ ಹಾಗೆ ಮುಂದೆ ಮುಂದೆ.

"ಈ ಬಂಡಿ ಮ್ಯಾಲಿಂದ ಜಾರಿ ಎಷ್ಟು ಚಡ್ಡಿ ಹರಕೊಂಡೀನಿ ಗೊತ್ತೇನಲೇ?" ಅಂದರು. "ನಮ್ಮವ್ವ ಹೊಡದು ಹೊಡದು ಬ್ಯಾಸತ್ತು, ನೀನಾ ಹೊಲ್ಕೋ ಅಂತ ಸೂಜಿ ಕೈಗೆ ಕೊಟ್ಲು. ಹಂಗ ಟೈಲರ್ ಆದೆ ನಾನು."

"ಅಂದ್ರ ಓಡಾಡಿದ್ದಕ್ಕ ಟೈಲರ್ ಆದ್ರಿ, ಟೈಲರ್ ಆದದ್ದಕ್ಕ ಓಡಾಡೋದು ಬಿಟ್ರಿ," ಅಂದೆ.

ಮಾಸ್ಟರ್ ನಿಂತು ನನ್ನನ್ನು ನೋಡಿದರು. "ನೀನು ಏಳನೇತ್ತಕ್ಕ ಸಾಲಿ ಬಿಟ್ಟಿದ್ದು ಚಲೋ ಆತು. ಇನ್ನಷ್ಟು ಓದಿದ್ರ ತಡಕೊಳ್ಳಾಕ ಆಗ್ತಿದ್ದಿಲ್ಲ."

ಅದು ಹೊಗಳಿಕೆ ಅಂತ ನಾನು ತಿಳಿದುಕೊಂಡಿದ್ದೇನೆ.

ನಾನು ಸುಲಭಕ್ಕೆ ನಂಬುವವನಲ್ಲ. ಆ ಬಟ್ಟೆ ನೋಡಿಯೂ ನನಗೆ ಅನುಮಾನ ಇತ್ತು. ಯಾಕೆಂದರೆ ನಾವು ಎರಡನೆಯ ಬಟ್ಟೆ ನೇತುಹಾಕಿದ ವಾರವೇ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದಿತ್ತು. ಕರೆಂಟು ಹೋಗುವುದೇ ನಿಂತಿತ್ತು. ಸಿಟ್ಟು ಇಳಿದದ್ದು ನಡಿಗೆಯಿಂದಲೋ, ಕರೆಂಟಿನಿಂದಲೋ? ಒಂದು ಸಲ ಮೋಸ ಹೋಗಿದ್ದೆವು. ಹುಲಿಗೆಮ್ಮಕ್ಕನಿಗೆ ಹೇಳಿದೆ.

"ಅದೂ ಖರೇನಪ್ಪ," ಅಂದಳು. "ಕರೆಂಟ್ ಹೋದ ದಿನ ಗೊತ್ತಾಗತೈತಿ ಯಪ್ಪನ ಬಣ್ಣ."

ಅದು ಗೊತ್ತಾದದ್ದು ಯುಗಾದಿಯ ಹಿಂದಿನ ದಿನ. ನಮ್ಮ ಪ್ಯಾಂಟು ಕೊಳ್ಳುವ ಆದೋನಿಯ ಪಾರ್ಟಿ ಸಂಜೆಗೆ ಮಾಲು ಒಯ್ಯಲು ಬರುವವನಿದ್ದ. ಬಿಸಿಲಿಗೆ ತಗಡು ಕಾದು ಶಟರ್ ಅರ್ಧ ಇಳಿಸಿದ್ದೆವು. ಹೊಸ ಟ್ರಾನ್ಸ್‌ಫಾರ್ಮರ್ ಇದ್ದರೂ ಅವತ್ತು ಬೆಳಿಗ್ಗೆಯಿಂದ ಕರೆಂಟು ಬರುವುದು, ಹೋಗುವುದು. ಕರೆಂಟಿಲ್ಲದಾಗ ಸುಮ್ಮನೆ ಕೂರಬೇಡಿ, ಮುಂದಿನ ಪೀಸು ಹಿಂದಿನ ಪೀಸು ಜೋಡಿಸಿ ಇಡಿ, ಕರೆಂಟು ಬಂದಕೂಡಲೇ ಹೊಲಿದುಬಿಡಿ ಅಂದಿದ್ದರು ಮಾಸ್ಟರ್. ನಾನು ಆ ಮಬ್ಬಿನಲ್ಲೇ ಜೋಡಿಸಿದೆ, ಕರೆಂಟು ಬಂದಾಗ ಹೊಲಿದೆ. ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು. ಹುಲಿಗೆಮ್ಮಕ್ಕ ಬಾಗಿಲ ಬೆಳಕಿಗೆ ಕುಳಿತು ದಾರ ಕತ್ತರಿಸುತ್ತಿದ್ದವಳು ಒಂದು ಪ್ಯಾಂಟು ಎತ್ತಿ ಹಿಡಿದಳು. ತಿರುಗಿಸಿದಳು. ಇನ್ನೊಂದು ಎತ್ತಿದಳು.

"ಲೇ ತಮ್ಮಾ," ಅಂದಳು ಮೆಲ್ಲಗೆ. "ಈ ಪ್ಯಾಂಟ್ ಹಾಕ್ಕೊಂಡೋನು ಎದುರಿಗೆ ಬಂದ್ರ ಸಣಕಲ. ದಾಟಿ ಹೋದ ಮ್ಯಾಲೆ ನೋಡಿದ್ರ ಪೈಲ್ವಾನ."

ಮುಂದಿನ ಭಾಗ ಸಣ್ಣ ಸೈಜು, ಹಿಂದಿನ ಭಾಗ ದೊಡ್ಡ ಸೈಜು. ಒಂದಲ್ಲ, ಇಡೀ ಗಂಟು. ಕತ್ತಲಲ್ಲಿ ಎರಡು ಸೈಜು ಬೆರೆತುಹೋಗಿದ್ದವು.

ಮಾಸ್ಟರ್ ಎದ್ದು ಬಂದರು. ಪ್ಯಾಂಟು ಕೈಗೆ ತೆಗೆದುಕೊಂಡರು. ಸೊಂಟ ಹಿಡಿದು ನೋಡಿದರು. ಕಿವಿಯ ತುದಿಯ ತನಕ ಕೆಂಪಾದರು. ಮಾಬುಸಾಬ್ ರೂಢಿಯಂತೆ ಹೊರಗೆ ಹೋಗಲು ಚಪ್ಪಲಿ ಹುಡುಕಿದ. ನಾನು ಮನಸ್ಸಿನಲ್ಲೇ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡೆ. ಆಯಿತು, ನಾಳೆ ಸಿರುಗುಪ್ಪ.

ಮಾಸ್ಟರ್ ಬಾಯಿ ತೆರೆದರು. ಮುಚ್ಚಿದರು. ಪ್ಯಾಂಟನ್ನು ನನ್ನ ಮಷಿನ್ ಮೇಲೆ ಮಡಿಸಿಟ್ಟರು. ಮಾಬುಸಾಬ್ ಕೈಯಲ್ಲಿದ್ದ ಚಪ್ಪಲಿಯನ್ನು ಕಿತ್ತುಕೊಂಡು ಕಾಲಿಗೆ ಹಾಕಿಕೊಂಡರು. ಶಟರ್ ಕೆಳಗೆ ಬಗ್ಗಿ ಹೊರಗೆ ಹೋದರು.

ನಾವೆಲ್ಲ ಶಟರಿನ ಕೆಳಗಿನಿಂದ ನೋಡಿದೆವು. ಆ ಸುಡುವ ಬಿಸಿಲಿನಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಏನೋ ಗೊಣಗುತ್ತ ಓಣಿಯ ಆ ತುದಿಗೆ ಹೋಗಿ ತಿರುಗಿದರು. ಬೈಯುತ್ತಿದ್ದರೇನೋ. ಯಾವ ಭಾಷೆಯೋ ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಒಂದು ಸುತ್ತು ಹಾಕಿ ಬೆವರು ಸುರಿಸುತ್ತ ಒಳಗೆ ಬಂದರು. ಪ್ಯಾಂಟುಗಳ ಗಂಟು ನೋಡಿದರು. ನನ್ನನ್ನು ನೋಡಿದರು.

"ಲೇ, ಚಪ್ಪಲಿ ಹಾಕ್ಕೋ."

"ಯಾಕ?"

"ಒಂದು ಸುತ್ತು ಸಾಲವಲ್ತು. ನಿನ್ನ ತಪ್ಪು ಭಾಳ ದೊಡ್ಡದೈತಿ."

ಹುಲಿಗೆಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿ ಹಿಂದೆ ಹೊರಟೆ.

"ಹೆಂಗಾತು?" ಅಂದರು.

"ಕತ್ತಲಾಗ ಜೋಡಸಿದೆ. ಸೈಜ್ ಚೀಟಿ ಕಾಣಲಿಲ್ಲ."

"ಕತ್ತಲಾಗ ಜೋಡಸು ಅಂದೋನು ಯಾರು?"

"ನೀವು."

"ಹೂಂ." ನಾಲ್ಕು ಹೆಜ್ಜೆ ಹಾಕಿದರು. "ಹಂಗಾದ್ರ ಈ ಸುತ್ತಿನ್ಯಾಗ ಅರ್ಧ ನನ್ನದು."

ಇಷ್ಟು ವರ್ಷದಲ್ಲಿ ತಪ್ಪೊಪ್ಪಿಗೆ ಮಿರ್ಚಿ ಇಲ್ಲದೆ ಬಾಯಿಂದಲೇ ಬಂದದ್ದು ಅದೊಂದು ಸಲ. ಓಣಿಯ ತುದಿಯಲ್ಲಿ ಬೇವಿನ ಮರದ ನೆರಳಿಗೆ ನಿಂತೆವು. ಹೋಗಿ ಎಲ್ಲ ಬಿಚ್ಚಬೇಕಿತ್ತು, ಮತ್ತೆ ಹೊಲಿಯಬೇಕಿತ್ತು. ಆದೋನಿಯವನಿಗೆ ಏನು ಹೇಳುವುದು ಅನ್ನುವುದಿತ್ತು. ಮಾಸ್ಟರ್ ಅದು ಯಾವುದನ್ನೂ ಕೇಳಲಿಲ್ಲ. ನನ್ನ ಮುಖ ನೋಡದೆ, ಮರದ ಚಿಗುರು ನೋಡುತ್ತ ಕೇಳಿದರು.

"ನಾಳೆ ಯುಗಾದಿ. ಮಾವಗ ಏನ್ ಹೇಳ್ತಿ?"

"ಬರಂಗಿಲ್ಲ ಅಂತ ಹೇಳ್ತೀನಿ."

ಮಾಸ್ಟರ್ ಧೋತರದ ಚುಂಗು ಎತ್ತಿ ಮೀಸೆಯ ಬೆವರು ಒರೆಸಿಕೊಂಡರು. ಆಮೇಲೆ ಹೊರಟರು ನೋಡಿ, ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ. ಯೂನಿಟ್ಟಿನ ಶಟರ್ ದಾಟಿ ಹೋದರು. ಒಳಗಿನಿಂದ ಹುಲಿಗೆಮ್ಮಕ್ಕ ಕೂಗಿದ್ದೂ ಕೇಳಲಿಲ್ಲ. ಓಣಿ ದಾಟಿ ದೊಡ್ಡ ರಸ್ತೆಗೆ ಬಿದ್ದರು. ಅವರ ಅರ್ಧ ವಯಸ್ಸಿನ ನಾನು ಹಿಂದೆ ಓಡಬೇಕಾಯಿತು.

"ಮಾಸ್ಟ್ರೇ, ನಿಧಾನ! ಸಿಟ್ಟು ಇನ್ನಾ ಇಳಿದಿಲ್ಲೇನು?"

"ಸಿಟ್ಟು ಮರದ ತಾವ್ಲೇ ಇಳೀತಲೇ," ಅಂದರು ತಿರುಗಿ ನೋಡದೆ. "ಈಗ ಕಾಲು ಹೇಳಿದ ಮಾತು ಕೇಳವಲ್ಲವು."